ಇಲ್ಲದ ಹುಳಕ್ಕೆ ಹನ್ನೊಂದು ಮಾತ್ರೆ

ಆರೋಗ್ಯ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನನ್ನ ಹೊಟ್ಟೆಯಲ್ಲಿ ಹುಳ ಇರಲಿಲ್ಲ. ಆ ಇಲ್ಲದ ಹುಳಕ್ಕೆ ನಿಮ್ಮ ಆಸ್ಪತ್ರೆಗಳು ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ಮಾತ್ರೆ ಕೊಟ್ಟವು. ನನ್ನ ದೂರಿಗೆ ನಿಮ್ಮ ಕಚೇರಿಯಿಂದ ಬಂದ ಉತ್ತರ: 'ಜಂತುಹುಳು ನಿವಾರಣಾ ಕಾರ್ಯಕ್ರಮ ಯಶಸ್ವಿಯಾಗಿ ನಡೆಯುತ್ತಿದೆ.' ಯಶಸ್ಸನ್ನು ಅಲ್ಲಗಳೆಯಲಾರೆ. ನನ್ನಲ್ಲಿ ಇಂದಿಗೂ ಒಂದು ಹುಳವೂ ಪತ್ತೆಯಾಗಿಲ್ಲ.

ನಾನು ಸಾಧನಾ, ಇಪ್ಪತ್ತನಾಲ್ಕು ವರ್ಷ, ಪುತ್ತಿಗೆಯವಳು. ಪುಂಜಾಲಕಟ್ಟೆಯ ಹತ್ತಿರದ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಊಟವಾದ ಅರ್ಧ ಗಂಟೆಗೆ ಹೊಕ್ಕುಳ ಸುತ್ತ ಹಿಂಡುವ ನೋವು, ವಾಂತಿ, ಭೇದಿ. ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಂಡು ಏಳನೇ ತರಗತಿಗೆ ಭಿನ್ನರಾಶಿ ಕಲಿಸಿದ್ದೇನೆ. ಮೊದಲ ವೈದ್ಯರು ಗ್ಯಾಸ್ ಎಂದರು. ಎರಡನೆಯವರು, ನಾವು ಜೈನರು, ಸೂರ್ಯಾಸ್ತದ ಮೇಲೆ ಉಣ್ಣುವುದಿಲ್ಲ ಎಂದು ನಾನು ಹೇಳಿದ ಕೂಡಲೇ ಸಂಶೋಧನೆ ಮುಗಿಸಿ, ರಾತ್ರಿ ಎರಡು ಚಪಾತಿ ತಿನ್ನಲು ಹೇಳಿದರು. ಮೂರನೆಯವರು ಅಪ್ಪನನ್ನು ಹೊರಗೆ ಕರೆದು, ಮದುವೆ ಮಾಡಿದರೆ ಸರಿಯಾಗುತ್ತದೆ ಎಂದರಂತೆ. ಆ ವರನ ವೈದ್ಯಕೀಯ ಪದವಿ ಯಾವುದಿರಬೇಕೆಂದು ಅಪ್ಪ ಕೇಳಲಿಲ್ಲ. ನಾಲ್ಕನೆಯವರು ಅಪೆಂಡಿಕ್ಸ್ ತೆಗೆದರು. ಅದು ನಿರಪರಾಧಿ ಎಂದು ಆಮೇಲೆ ವರದಿ ಬಂತು. ಹೊಲಿಗೆ ಬಿಚ್ಚಿದ ವಾರದಲ್ಲೇ ನೋವು ಮರಳಿತು. ಒಂಬತ್ತು ಕಿಲೋ ಇಳಿದಿದ್ದೆ. ಆಗ ಅಮ್ಮನೂ ಕೇಳಿದರು, "ಸತ್ಯ ಹೇಳು ಮಗಾ, ನಿನಗೆ ಕೆಲಸಕ್ಕೆ ಹೋಗಲಿಕ್ಕೆ ಮನಸ್ಸಿಲ್ಲವಾ?" ಹೊಟ್ಟೆಗಿಂತ ಆ ಪ್ರಶ್ನೆ ಹೆಚ್ಚು ನೋಯಿಸಿತು.

ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿಕಣಗಳಿವೆ. ಹುಳವಾದರೂ ಅಲರ್ಜಿಯಾದರೂ ಏರುತ್ತವೆ. ನೂರಕ್ಕೆ ಆರು ದಾಟಬಾರದ್ದು ನನ್ನಲ್ಲಿ ಮೂವತ್ತೆಂಟು. ಹೋದ ಆಸ್ಪತ್ರೆಯಲ್ಲೆಲ್ಲ ಅದನ್ನು ನೋಡಿ ಹುಳದ ಮಾತ್ರೆಯನ್ನೂ ಬರೆದರು. ಮೊದಲ ಸಲ ಬರೆದದ್ದು ಸರಿಯೇ. ಮಲಪರೀಕ್ಷೆಯಲ್ಲಿ ಹುಳ ಕಾಣದೆ, ಮಾತ್ರೆಗೆ ಕಣಗಳ ಸಂಖ್ಯೆ ಇಳಿಯದೆ ಹೋದ ಮೇಲೂ ಅದೇ ಮಾತ್ರೆಯೇ? ಈ ಪ್ರಶ್ನೆ ಹೊಳೆದದ್ದು ನಿಮ್ಮ ವೈದ್ಯರಿಗಲ್ಲ, ಪುಂಜಾಲಕಟ್ಟೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ರಶೀನಾಗೆ. ನನ್ನ ಮೂರು ವರದಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಆಕೆ ಹೇಳಿದ್ದಿಷ್ಟು: "ನಾನು ಡಾಕ್ಟ್ರಲ್ಲ ಟೀಚರ್. ಆದ್ರೆ ಇದು ಇಳಿಯುವುದೇ ಇಲ್ಲ. ಮೂರನ್ನೂ ಒಟ್ಟಿಗೆ ಹೊಟ್ಟೆಯ ಸ್ಪೆಷಲಿಸ್ಟಿಗೆ ತೋರಿಸಿ."

ಮಂಗಳೂರಿನ ತಜ್ಞೆ ಮೂರನ್ನೂ ಓದಿದರು. ವೈದ್ಯರು ಓದುತ್ತಾರೆ ಎಂಬುದೇ ನನಗೆ ಹೊಸ ಅನುಭವ. ಎಂಡೋಸ್ಕೋಪಿಯಲ್ಲಿ ಕರುಳು ಹೆಚ್ಚುಕಡಿಮೆ ಚೆನ್ನಾಗಿಯೇ ಕಂಡಿತು. ಆದರೂ ಆರು ಕಡೆ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಚೂರಿನ ತುಂಬ ಅವೇ ಕಣಗಳು. ಅವು ಮುತ್ತಿಕೊಂಡು ಕರುಳಿನ ಗೋಡೆಯೇ ಊದುವ ಅಪರೂಪದ ಕಾಯಿಲೆಯಂತೆ. "ನೋವು ನಿಜ. ನೀವು ನಾಟಕ ಮಾಡಿದ್ದಲ್ಲ" ಎಂದರು. ಅಮ್ಮ ಕುರ್ಚಿಯಲ್ಲೇ ಅತ್ತರು. ಸ್ಟಿರಾಯ್ಡ್ ಶುರುವಾದ ಎರಡು ವಾರಕ್ಕೆ ನಾನು ಹೆದರದೆ ಒಂದು ಊಟ ಮುಗಿಸಿದೆ.

ಅಪರೂಪದ ಕಾಯಿಲೆ ಯಾರಿಗೆ ಹೊಳೆಯುತ್ತದೆ ಎನ್ನುವಿರಿ. ಸ್ವಾಮಿ, ಅದರ ಹೆಸರು ಹೊಳೆಯಬೇಕಿರಲಿಲ್ಲ. ಹಿಂದಿನ ಚೀಟಿ ಓದಿದ್ದರೆ ಸಾಕಿತ್ತು.

ಕಳೆದ ವಾರ ನನ್ನ ಕತೆ ಯಾರಿಂದಲೋ ಕೇಳಿ ವಿಟ್ಲದ ತಾಯಿಯೊಬ್ಬರು ಫೋನ್ ಮಾಡಿದರು. ಕಾಲೇಜು ಓದುವ ಮಗಳು ಶ್ರಾವ್ಯಾಗೆ ಹತ್ತೊಂಬತ್ತು ವರ್ಷ. ಎಂಟು ತಿಂಗಳಿಂದ ಹೊಟ್ಟೆನೋವು, ಮಲದಲ್ಲಿ ರಕ್ತ. ಆರು ಚೀಟಿಗಳಾಗಿವೆ, ಕೊನೆಯದರಲ್ಲಿ ಬರೆದದ್ದು 'ಪರೀಕ್ಷೆಯ ಭಯ'. ಹೊಟ್ಟೆನೋವೆಂದು ಮೂರನೇ ಸಲ ಬಂದವರ ಹಳೆಯ ವರದಿಗಳನ್ನೆಲ್ಲ ಓದಿ ತಜ್ಞರ ಬಳಿ ಕಳಿಸಬೇಕೆಂದು ಆದೇಶ ಹೊರಡಿಸಿ. ಸಮಿತಿ ಬೇಕಿದ್ದರೆ ರಚಿಸಿ, ಚಹಾ ಕುಡಿಯಿರಿ. ಆದರೆ ಈ ಹುಡುಗಿ ಕಾಯುವ ಹಾಗಿಲ್ಲ. ಅವಳನ್ನು ಯಾವ ದಿನ, ಯಾವ ತಜ್ಞರು ನೋಡುತ್ತಾರೆಂದು ಈ ಸೋಮವಾರದೊಳಗೆ ಅವಳ ತಾಯಿಗೆ ಬರೆದು ತಿಳಿಸಿ; ವಿಳಾಸ ಇದರ ಜೊತೆಗಿಟ್ಟಿದ್ದೇನೆ.

ಇಂತಿ,
ಮದ್ದಿಗೆ ಮುಖ ಊದಿದ್ದಕ್ಕೆ 'ಒಳ್ಳೆ ಪುಷ್ಟಿಯಾಗಿದ್ದಿ' ಎಂದು ಊರವರಿಂದ ಹೊಗಳಿಸಿಕೊಳ್ಳುತ್ತಿರುವ
ಸಾಧನಾ, ಪುತ್ತಿಗೆ