ಮಂಜಿ ಬೆಕ್ಕಿನ ಬಾಯಿಗೆ ಕೈ ಹಾಕಿದ್ದು

ಬೆಳಕೆ,
ತಾ. ೧೮-೧೧-೧೯೮೪

ರತ್ನಾಗಿರಿಯಲ್ಲಿ ಮಗಳ ಮನೆಯ ಅನ್ನ ಉಂಡು ದಪ್ಪಗಾಗುತ್ತಿರುವ ಗೆಳತಿ ಕಮಲಿಗೆ ದುರ್ಗಮ್ಮ ಕೈ ಮುಗಿದು ಬರೆಯುವುದೇನೆಂದರೆ, ನಾವು ಚೆನ್ನಾಗಿದ್ದೇವೆ. ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚುತ್ತೀಯೋ, ಇಲ್ಲಾ ಬರೀ ನರಳುತ್ತೀಯೋ?

ನಿನ್ನ ಕಾಗದ ಚೌತಿಗೆ ಮೊದಲೇ ಬಂದಿತ್ತು. ಉತ್ತರ ಬರೆಯಲು ಕೂರುವಷ್ಟರಲ್ಲಿ ದೀಪಾವಳಿಯೂ ದಾಟಿತು. ತಪ್ಪಾಯಿತು. ಒಮ್ಮೆ ಹೇಳಿದ್ದೇನೆ, ಇನ್ನೊಮ್ಮೆ ಹೇಳಿಸಬೇಡ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಒಂದು ಪುಟ ಬರೆಯುವ ಹೊತ್ತಿಗೆ ಒಂದು ಬುಟ್ಟಿ ಬಂಗುಡೆ ಮಾರಬಹುದು. 'ನೀನು ಹೇಳು, ನಾನು ಬರ್ದು ಕೊಡ್ತೆ' ಅಂತ ಮಗಳು ಮಂಜಿ ಅಂದಳು. ಅವಳ ಸುದ್ದಿಯನ್ನೇ ಬರೆಯಬೇಕಿರುವಾಗ ಅವಳ ಕೈಯಲ್ಲೇ ಬರೆಸುವುದು ಹೇಗೆ? ಅದಕ್ಕೇ ನಾನೇ ಕೂತಿದ್ದೇನೆ. ಅಕ್ಷರ ಓದಲಾಗದಿದ್ದರೆ ನಿನ್ನ ಅಳಿಯನಿಗೆ ಕೊಡು. ನಗಬೇಡ ಅಂತ ಹೇಳು.

ಮಂಜಿ ಬೆಂಗಳೂರಲ್ಲಿ ಓದು ಮುಗಿಸಿ ಜಾನುವಾರು ಡಾಕ್ಟರಾದದ್ದು ನಿನಗೆ ಗೊತ್ತು. ಸರಕಾರ ಅವಳನ್ನು ಭಟ್ಕಳಕ್ಕೇ ಹಾಕಿತು. ನಮ್ಮ ಬೆಳಕೆ ಊರೆಲ್ಲ ಖುಷಿಪಟ್ಟಿತು. ನಾನು ಮಾತ್ರ ಬೈದೆ. 'ಬೇರೆ ಊರು ಕೇಳು ಮಾರಾಯ್ತಿ. ನಾನು ಬುಟ್ಟಿ ಹೊತ್ತು ತಿರುಗುವ ಗಲ್ಲಿ ಇದು. ಮೀನು ಮಾರುವವಳ ಮಗಳ ಹತ್ರ ಯಾರು ನಾಯಿ ಬೆಕ್ಕು ತರ್ತಾರೆ?' ಅಂದೆ. ಅವಳು ಅಂದದ್ದು ಇಷ್ಟೇ: 'ನಾಯಿ ಬೆಕ್ಕಿಗೆ ನಾನು ಯಾರ ಮಗಳು ಅಂತ ಗೊತ್ತಾತಿಲ್ಲೆ, ಅಮ್ಮ.' ಹಟ ಯಾರದ್ದು ಅಂತ ಕೇಳಬೇಡ.

ನಾನು ಹೇಳಿದ ಹಾಗೇ ಆಯಿತು. ಮೊದಮೊದಲು ಆಸ್ಪತ್ರೆಗೆ ಯಾರೂ ಬರಲಿಲ್ಲ. ಬಂದವರೂ ಬಾಗಿಲಲ್ಲಿ ಇಣುಕಿ, ಕುರ್ಚಿಯ ಮೇಲೆ ಹೆಣ್ಣುಮಗಳನ್ನು ನೋಡಿ, 'ನಾಳೆ ಬತ್ತೆ' ಅಂತ ಹೋಗುತ್ತಿದ್ದರು. ಮೇಲಿನವರು ಬಂದು ಕೇಸು ಇಲ್ಲದ್ದು ನೋಡಿ, ಹೀಗೇ ಆದರೆ ಕಾರವಾರದ ಕಚೇರಿಗೆ ಹಾಕುತ್ತೇವೆ, ಕಾಗದ ನೋಡಿಕೊಂಡಿರು ಅಂದರಂತೆ. ಅವತ್ತು ಮಂಜಿ ಊಟ ಬಿಟ್ಟು ಎದ್ದಳು. ಅಷ್ಟು ಓದಿದ್ದು ಕಾಗದ ಕಾಯಲಿಕ್ಕಾ? ನನಗೆ ಮೈಯೆಲ್ಲ ಉರಿಯಿತು. ಆದರೂ ಗಲ್ಲಿಯಲ್ಲಿ ಒಬ್ಬರ ಹತ್ತಿರವೂ ಅವಳು ನನ್ನ ಮಗಳು ಅಂತ ಬಾಯಿ ಬಿಡಲಿಲ್ಲ. ಹೇಳಿದರೆ ಬರುವವರೂ ಬಾರರು ಎಂಬ ಹೆದರಿಕೆ. 'ಅಲ್ಲಿ ನನ್ನನ್ನು ಅಮ್ಮ ಅಂತ ಕರೀಬೇಡ' ಅಂತ ಅವಳಿಗೂ ಹೇಳಿಟ್ಟಿದ್ದೆ.

ಇನ್ನು ಹಾಜಿರಾ ಬೀಬಿಯ ಕಥೆ ಕೇಳು. ಭಟ್ಕಳ ಪೇಟೆಯ ಹಿಂದಿನ ಗಲ್ಲಿಯ ದೊಡ್ಡ ಮನೆಯವಳು. ನೀನೂ ಅವಳಿಗೆ ಮೀನು ಕೊಟ್ಟವಳೇ. ಗಂಡ, ಮಕ್ಕಳು ದುಬೈಯಲ್ಲಿ. ಇಲ್ಲಿ ಮನೆ ತುಂಬ ಹೆಂಗಸರು, ಒಬ್ಬ ಮುದಿ ಮೈದುನ, ಒಂದು ಬಿಳಿ ಬೆಕ್ಕು. ಅವತ್ತು ಹಿತ್ತಿಲ ಬಾಗಿಲಿಗೆ ಹೋದರೆ ಬೀಬಿ ದರ ಕೇಳಲಿಲ್ಲ. ಅಳುತ್ತಿದ್ದಳು. ಬೆಕ್ಕು ಏನೂ ತಿನ್ನುತ್ತಿಲ್ಲ, ಬಾಯಲ್ಲಿ ಜೊಲ್ಲು ಸುರಿಯುತ್ತಿದೆ. 'ಹುಚ್ಚು ಹಿಡಿದಿದೆ, ಸಂಜೆ ಚೀಲದಲ್ಲಿ ಕಟ್ಟಿ ಹೊಳೆಗೆ ಹಾಕಿಸ್ತೇನೆ' ಅಂತ ಮೈದುನ ಹೇಳಿದ್ದಾನೆ.

'ಡಾಕ್ಟರಿಗೆ ತೋರಿಸಲಿಲ್ಲವಾ?' ಅಂದೆ.

'ಡಾಕ್ಟರು ಬಂದರೆ ಜಗಲಿಯಲ್ಲಿ ಕೂರ್ತಾರೆ. ನಾವು ಪರದೆ ಹಿಂದಿನಿಂದ ಮೈದುನನಿಗೆ ಹೇಳಬೇಕು, ಅವನು ಅವರಿಗೆ ಹೇಳಬೇಕು. ಅವನಿಗೆ ಬೆಕ್ಕಿನ ತಲೆ ಯಾವುದು ಬಾಲ ಯಾವುದು ಗೊತ್ತಿಲ್ಲ.'

ಇದು ನಿಜ, ಕಮಲಿ. ಆ ಗಲ್ಲಿಯ ಮನೆಗಳಲ್ಲಿ ಬೆಕ್ಕು, ಗಿಳಿ, ಆಡು ಎಲ್ಲ ಇರುವುದು ಒಳಗೆ, ಹೆಂಗಸರ ಹತ್ತಿರ. ಹಿಂದಿನ ಡಾಕ್ಟರು ಒಳ್ಳೆಯವರೇ. ಆದರೆ ಗಂಡಸರು ಒಳಗೆ ಹೋಗುವಂತಿಲ್ಲ. ಕಾಯಿಲೆ ಒಳಮನೆಯಲ್ಲಿ, ಔಷಧ ಜಗಲಿಯಲ್ಲಿ.

'ಈಗ ಹೆಣ್ಣು ಡಾಕ್ಟರು ಬಂದಿದ್ದಾರೆ, ಕರೆಸು' ಅಂದೆ.

ಬೀಬಿ ಕಣ್ಣು ಒರೆಸಿಕೊಂಡಳು. 'ಹೆಣ್ಣಾ? ಒಳಗೇ ಬರ್ತಾಳಾ?'

'ಬಾರದೆ ಎಂತ? ಅವಳಿಗೇನು ಕಾಲಿಲ್ಲವಾ?'

ಹೇಳಿ ಕಳಿಸಿದ ಮೇಲೆ ನಾನು ಜಾಗ ಖಾಲಿ ಮಾಡಬೇಕಿತ್ತು. ಮಾಡಲಿಲ್ಲ. ಅಡುಗೆಮನೆಯ ಹೊರಗೆ ಮೀನು ಕೊಯ್ಯುವ ನೆವ ಮಾಡಿ ಕೂತೆ. ಮಂಜಿ ಮುಂಬಾಗಿಲಿಂದ ಬಂದು ಚಪ್ಪಲಿ ಬಿಟ್ಟು ನೆಟ್ಟಗೆ ಒಳಕೋಣೆಗೆ ಹೋದಳು. ನಾನು ಇಷ್ಟು ವರ್ಷ ಹೋದರೂ ಕಾಣದ ಕೋಣೆ. ತೆರೆದ ಬಾಗಿಲಿಂದ ಇಣುಕಿದೆ, ಹೆಂಗಸರೆಲ್ಲ ಮಂಚದ ಮೇಲೆ ಹತ್ತಿ ನಿಂತಿದ್ದರು. ಅವಳು ಬೆಕ್ಕನ್ನು ಮುಟ್ಟಲಿಲ್ಲ. ಮೊದಲು ಕೇಳಿದಳು. ಯಾವಾಗಿನಿಂದ? ಯಾರನ್ನಾದರೂ ಕಚ್ಚಿದೆಯಾ? ನೀರು ಕಂಡರೆ ಏನು ಮಾಡುತ್ತದೆ? ಹೆಂಗಸರು ಒಟ್ಟಿಗೇ ಶುರು ಮಾಡಿದರು. ನೀರಿನ ಹತ್ತಿರ ಹೋಗುತ್ತದೆ, ನಾಲಿಗೆ ಹಾಕುತ್ತದೆ, ಆಮೇಲೆ ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುತ್ತದೆ. ಈ ಉಜ್ಜುವ ಮಾತು ಮೈದುನನ ಬಾಯಿಂದ ಬಂದಿರಲೇ ಇಲ್ಲ.

'ಇದು ಹುಚ್ಚಿನ ಹಾಗೆ ಕಾಣ್ತಿಲ್ಲ. ಬಾಯೊಳಗೆ ಎಂತದೋ ಸಿಕ್ಕಿದೆ' ಅಂದಳು ಮಂಜಿ. 'ಯಾರಾದರೂ ಹಿಡ್ಕೊಳ್ಳಿ.'

ಮಂಚದಿಂದ ಯಾರೂ ಇಳಿಯಲಿಲ್ಲ. 'ದಿನಾ ಮೀನಿನ ತಲೆ ಹಾಕುವ ದುರ್ಗಮ್ಮನ ಹತ್ತಿರ ಅದು ಸುಮ್ಮನಿರ್ತದೆ. ಅವಳನ್ನು ಕರೀರಿ' ಅಂದಳು ಬೀಬಿ.

ಕೈ ತೊಳೆದು ಹೋದೆ. ಮಂಜಿ ನನಗೆ ದಪ್ಪ ಕೈಗವಸು ಹಾಕಿ, ಬೆಕ್ಕಿಗೆ ಟವೆಲು ಸುತ್ತಿ ನನ್ನ ತೊಡೆಯ ಮೇಲೆ ಕೂರಿಸಿದಳು. ನಾನು ಕಣ್ಣಲ್ಲೇ ಸನ್ನೆ ಮಾಡಿದೆ, ಬಾಯಿ ಮುಚ್ಚಿಕೋ ಅಂತ. ಅವಳು ನೋಡಿಯೂ ನೋಡದ ಹಾಗೆ ಎಲ್ಲರಿಗೂ ಕೇಳುವಂತೆ ಹೇಳಿದಳು: 'ಅಮ್ಮ, ಕತ್ತು ಬಿಗಿಯಾಗಿ ಹಿಡಿ. ಮೀನಿನ ದರ ಹಿಡಿದಂಗೆ ಹಿಡಿ.'

ಮಂಚದ ಮೇಲೆ ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. ಅಷ್ಟರಲ್ಲಿ ಮಂಜಿ ಬ್ಯಾಟರಿ ಬಿಟ್ಟು, ಚಿಮಟ ಹಾಕಿ, ಒಂದು ಎಳೆತಕ್ಕೆ ಹೊರಗೆ ತೆಗೆದಳು. ಅಂಗುಳಿಗೆ ಅಡ್ಡಲಾಗಿ, ಈ ದವಡೆಯಿಂದ ಆ ದವಡೆಗೆ ಸಿಕ್ಕಿಕೊಂಡಿದ್ದ ಮೀನಿನ ಮುಳ್ಳು. ಬೆಕ್ಕು ಟವೆಲಿನಿಂದ ನುಣುಚಿ ಹಾಲಿನ ಬಟ್ಟಲಿಗೆ ಹೋಯಿತು.

ಹಾಜಿರಾ ಬೀಬಿ ಮುಳ್ಳನ್ನು ಬೆಳಕಿಗೆ ಹಿಡಿದು ನೋಡಿದಳು. 'ಇದು ನೀನು ಹಾಕಿದ ತಲೆಯದ್ದೇ, ದುರ್ಗಮ್ಮ. ತಾಯಿ ಕಾಯಿಲೆ ಕೊಡೋದು, ಮಗಳು ವಾಸಿ ಮಾಡೋದು. ಒಳ್ಳೇ ಧಂದೆ ಹಿಡಿದಿದ್ದೀರಿ.'

ಮಂಚದ ಮೇಲಿನವರೆಲ್ಲ ನಕ್ಕು ನಕ್ಕು ಕೆಳಗೆ ಇಳಿದರು. ನಾನೂ ನಕ್ಕೆ. ಆಮೇಲೆ ಹಿತ್ತಿಲಿಗೆ ಬಂದು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅತ್ತೆ ಅಂತ ತಿಳಿಯಬೇಡ. ಕೈಗವಸಿನೊಳಗೆ ಬೆವರಿತ್ತು, ಮುಖದಲ್ಲೂ ಬೆವರಿತ್ತು, ಅಷ್ಟೇ.

ಮರುದಿನದಿಂದ ನೋಡಬೇಕಿತ್ತು. ಆ ಗಲ್ಲಿಯಲ್ಲಿ ಸೀನದ ಗಿಳಿಗೂ ಸೀನು ಬಂತು. ಮಂಜಿಗೆ ಮನೆಮನೆಯಿಂದ ಕರೆ. ಆಸ್ಪತ್ರೆಯ ಬೆಂಚಿನ ಮೇಲೆ ಜಾಗವಿಲ್ಲ. ಒಂದು ದಿನ ನಾನೂ ಹೋಗಿ ಮೂಲೆಯಲ್ಲಿ ಕೂತಿದ್ದೆ. ಹೊನ್ನಾವರದ ಆಚೆಯ ತೋಟದವರು, ತ್ರ್ಯಂಬಕ ಹೆಗಡೆಯವರು, ಜೀಪಿನಲ್ಲಿ ನಾಯಿ ತಂದರು. ಕಿವಿ ಕೊಡವಿ ಕೊಡವಿ ನಾಯಿಗೂ ಸುಸ್ತು, ಅವರಿಗೂ ಸುಸ್ತು.

'ಡಾಕ್ಟ್ರು ಎಲ್ಲಿ ತಂಗಿ?' ಅಂದರು.

'ನಾನೇ' ಅಂದಳು.

'ನೀನಲ್ಲ, ದೊಡ್ಡ ಡಾಕ್ಟ್ರು.'

'ನಾಯಿ ಸಣ್ಣದೇ ಅಲ್ದಾ? ನಾನು ಸಾಕು.'

ಬೆಂಚಿನವರೆಲ್ಲ ಮುಸಿಮುಸಿ ನಕ್ಕರು. ಕಿವಿಯೊಳಗೆ ಉಣ್ಣೆಹುಳ ಹೊಕ್ಕಿತ್ತಂತೆ. ತೆಗೆದು ಔಷಧ ಬಿಟ್ಟಳು. ಹೋಗುವಾಗ ಹೆಗಡೆಯವರ ದನಿ ಮೆತ್ತಗಾಗಿತ್ತು. 'ಬಪ್ಪ ವಾರ ಮತ್ತೆ ಬತ್ತೆ. ನೀನೇ ಇರ್ತ್ಯಲಾ?' ಅಂದರು. ನನಗೆ ತಡೆಯಲಾಗಲಿಲ್ಲ. 'ಅವಳೆಲ್ಲಿಗೆ ಹೋತಾಳೆ ಹೆಗಡೇರೆ? ಅವಳ ಊರೇ ಇದು' ಅಂದೆ. ಅವರು ತಿರುಗಿ, 'ನೀನ್ಯಾರು?' ಅಂದರು. 'ಇವಳನ್ನು ಹೆತ್ತವಳು' ಅಂದೆ. ಗಟ್ಟಿಯಾಗಿಯೇ ಅಂದೆ. ಕುಮಟೆಯಿಂದಲೂ ಈಗ ಒಬ್ಬರು ಬಸ್ಸಿನಲ್ಲಿ ಮೊಲ ತರುತ್ತಾರೆ. ಕಾರವಾರದ ಮಾತು ಯಾರೂ ಎತ್ತುತ್ತಿಲ್ಲ. ನನ್ನ ಮಗಳು ಗೆದ್ದಳು, ಕಮಲಿ. ಅವಳಪ್ಪ ಇದ್ದಿದ್ದರೆ ದೋಣಿಗೆ ಹೂ ಕಟ್ಟುತ್ತಿದ್ದರು.

ಬುಟ್ಟಿ ಬಿಡು ಅಂತ ಮಂಜಿ ಒಂದು ದಿನವೂ ಹೇಳಿಲ್ಲ. ಅದನ್ನು ಬರೆದಿಡುತ್ತೇನೆ. ಊರ ಬಾಯಿ ಗೊತ್ತಲ್ಲ.

ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ. ಮೊಮ್ಮಗುವಿಗೆ ನಿನ್ನ ಬಣ್ಣ ಬಂದರೂ ಪರವಾಗಿಲ್ಲ, ನಿನ್ನ ಮೂಗು ಬಾರದೆ ಇರಲಿ. ನಿನ್ನ ಮಂಡಿಯನ್ನು ದೇವರು ಕಾಯಲಿ, ಎಣ್ಣೆಯನ್ನು ನೀನು ಹಚ್ಚು.

ನಿನ್ನ
ದುರ್ಗಮ್ಮ

ತಾ.ಕ.: ಈ ಕೆಳಗಿನದ್ದನ್ನು ಮಾತ್ರ ಅಳಿಯನ ಕೈಯಲ್ಲಿ ಓದಿಸಬೇಡ. ಈಗ ಬೀಬಿಯ ಮನೆಗೆ ಹೋದರೆ ಕುರ್ಚಿ ಹಾಕುತ್ತಾಳೆ. 'ಕಳ್ಳಿ, ನಿನ್ನೆಯ ಮೀನಿಗೆ ಇಂದಿನ ದರವಾ' ಅಂತ ಬೈಯುತ್ತಿದ್ದವಳು ನಾನು ಹೇಳಿದ ದರಕ್ಕೆ ಹೂಂ ಅನ್ನುತ್ತಾಳೆ. ನನ್ನನ್ನು 'ನೀವು' ಅನ್ನುತ್ತಾಳೆ. ಉಳಿದ ಮನೆಯವರಿಗೆ ಹಾಗೆ ಹೂಂ ಅನ್ನಲೂ ಆಗುವುದಿಲ್ಲ. ಡಾಕ್ಟರ ತಾಯಿಯ ಹತ್ತಿರ ಚೌಕಾಸಿ ಹೇಗೆ ಮಾಡುವುದು ಅಂತ ನಾಚಿ, ಶಿರಾಲಿಯಿಂದ ಬರುವ ಗಣಪಿಯ ಹತ್ತಿರ ಕೊಳ್ಳುತ್ತಾರೆ. ಅವಳ ಜೊತೆ ಅವರು ಜಗಳ ಮಾಡುವುದು ನನಗೆ ಬೀದಿಯ ತುದಿಯವರೆಗೂ ಕೇಳುತ್ತದೆ. ನನ್ನ ಬುಟ್ಟಿ ಅರ್ಧ ತುಂಬಿಯೇ ಮನೆಗೆ ಬರುತ್ತದೆ. ಉಳಿದದ್ದನ್ನು ಉಪ್ಪು ಹಾಕಿ ಒಣಗಿಸುತ್ತೇನೆ, ಒಣಮೀನಿಗೆ ಬೇಡಿಕೆ ಇದೆ ಅಂತ ಮಂಜಿಗೆ ಹೇಳಿದ್ದೇನೆ. ನಿಜ ತಿಳಿದರೆ ಅವಳೇ ಬೇರೆ ಊರು ಕೇಳಿಯಾಳು. ನೀನೂ ಅವಳಿಗೆ ಬರೆಯಬೇಡ. ನನಗೆ ಮರುಟಪಾಲಿಗೆ ಬರೆ. ಒಳ್ಳೆಯ ಮಾತು ಕೇಳಿ ಕೇಳಿ ಸಾಕಾಗಿದೆ, ಎರಡು ಬೈಗುಳ ಬರೆ.