ಹಗ್ಗದ ಮೇಲಿನ ತುದಿ

ಬಿಳಿ ಸಮುದ್ರದ ಹಿಮದ ಮೇಲಿಂದ,
ಮಾರ್ಚ್ ೧೮

ಪ್ರೀತಿಯ ರೋದ್ಯಾ,

'ಪ್ರೀತಿಯ' ಎಂದು ಬರೆಯಲೋ ಬೇಡವೋ ಎಂದು ಒಂದು ಲೋಟ ಚಹಾ ಆರುವವರೆಗೆ ಕೂತಿದ್ದೆ. ಬರೆದಾಯಿತು, ಇರಲಿ. ನಾನು ಹಿಮದಡಿಯ ನೀರಿಗೆ ಮುಳುಗಿದಾಗಲೆಲ್ಲ, ಹನ್ನೊಂದು ಚಳಿಗಾಲ, ಮೇಲೆ ಕೂತು ನನ್ನ ಹಗ್ಗ ಹಿಡಿದ ಗಂಡನಿಗೆ ಅಷ್ಟಾದರೂ ಸಲ್ಲಬೇಕು.

ನಿನ್ನ ಕಾಗದ ಬಂತು. ಹಿಮವೋ ನಾನೋ, ಈ ತಿಂಗಳೊಳಗೆ ಹೇಳು, ಇಲ್ಲವಾದರೆ ಬೇರೆಯಾಗೋಣ ಎಂದಿದ್ದೀಯ. ಎರಡೇ ಸಾಲು! ಊರಿಗೆ ಹೋಗಿ ಮೇಷ್ಟ್ರಾದ ಮೇಲೆ ಮಾತಿಗೂ ಬರಗಾಲ ಬಂತೇ? ಸಿಟ್ಟು ಬಂದು ಒಲೆಗೆ ಹಾಕಿದೆ. ಆಮೇಲೆ ನಾನೇ ಇಕ್ಕಳದಿಂದ ತೆಗೆದೆ. ಒಂದು ಮೂಲೆ ಸುಟ್ಟಿದೆ, ನಿನ್ನ ಸಹಿ ಉಳಿದಿದೆ.

ಈ ಸಲ ಶಿಬಿರದಲ್ಲಿ ನಾವು ನಾಲ್ಕೇ ಜನ. ಯಜಮಾನಿಕೆಯೂ ಅಡುಗೆಯೂ ಅನ್ಫೀಸಾ ಅಕ್ಕನದೇ. ಬೈಗುಳವಿಲ್ಲದೆ ಒಂದು ತಟ್ಟೆ ಗಂಜಿಯೂ ಹುಟ್ಟುವುದಿಲ್ಲ. ಸವೇಲಿ ಎಂದಿನಂತೆ ಮುಳುಗುವ ಉಡುಪು ತೊಟ್ಟು, ಕೆಳಗಿದ್ದವರಿಗೆ ಏನಾದರೂ ಆದರೆ ಹಾರಲು ಕಾಯುತ್ತಾ, ಕೂತಲ್ಲೇ ತೂಕಡಿಸುತ್ತಾನೆ. ಹೊಸಬಳು ನೀಕಾ. ಕೆಳಗಿಳಿದರೆ ಮೇಲೆ ಬರುವ ಮನಸ್ಸೇ ಇಲ್ಲದ ಹುಡುಗಿ. ನಿನಗೆ ಅಂಥವಳೊಬ್ಬಳು ಗೊತ್ತಲ್ಲ.

ಮೊನ್ನೆ ನನ್ನ ಕಿವಿ ಸ್ವಲ್ಪ ನೋಯುತ್ತಿತ್ತು. ಹಾಗಾಗಿ ನೀಕಾ ಇಳಿದಳು, ಹಗ್ಗ ನನ್ನ ಕೈಗೆ ಬಂತು. ನಂಬುತ್ತೀಯಾ, ಇಷ್ಟು ವರ್ಷದಲ್ಲಿ ಮೊದಲ ಸಲ! ಹಗ್ಗದ ಕೆಳಗಿನ ತುದಿ ಬಿಟ್ಟು ನಾನು ಬೇರೇನೂ ಕಂಡವಳಲ್ಲ. ಮೂರು ವರ್ಷದ ಹಿಂದೆ ನಾನು ತಳದಲ್ಲಿಟ್ಟ ಹಂಚುಗಳಿವೆಯಲ್ಲ, ಹಿಮದಡಿಯ ಕತ್ತಲಲ್ಲಿ ಯಾವ ಜೀವ ಮೊದಲು ಬಂದು ಅಂಟಿಕೊಳ್ಳುತ್ತದೆ, ಯಾವುದು ಯಾವುದನ್ನು ತಳ್ಳಿ ಜಾಗ ಹಿಡಿಯುತ್ತದೆ ಎಂದು ನೋಡಲು? ಅದರಲ್ಲೊಂದನ್ನು ಅವಳು ಮೇಲೆ ತರಬೇಕಿತ್ತು.

ಹಿಮ ಕೊರೆದು ಮಾಡಿದ ಆ ಮೂರು ಮೂಲೆಯ ಕಂಡಿಯ ಅಂಚಿನಲ್ಲಿ ಕೂತು ಒಂದು ಸಲ ಜಗ್ಗಿದೆ: ಹೇಗಿದ್ದೀಯ? ಕೆಳಗಿನಿಂದ ಒಂದು ಸಲ ಜಗ್ಗಿ ಉತ್ತರ ಬಂತು: ಚೆನ್ನಾಗಿದ್ದೇನೆ. ಅಯ್ಯೋ ರೋದ್ಯಾ, ಅಂಗೈಗೆ ಬಂದು ತಾಕಿದ ಆ ಸಣ್ಣ ಜಗ್ಗು! ಎದೆಯೆಲ್ಲ ಬೆಚ್ಚಗಾಯಿತು. ನೀನು ಹನ್ನೊಂದು ವರ್ಷ ನನಗೆ ಬರೀ ಹೆದರಿಕೆಯ ಕಥೆ ಹೇಳಿದೆ. ಈ ಸುಖವನ್ನು ಒಬ್ಬನೇ ನುಂಗಿಕೊಂಡು ಕೂತಿದ್ದೆಯಲ್ಲ, ಜಿಪುಣ!

ಅಷ್ಟರಲ್ಲಿ ಕಂಡಿಯಲ್ಲಿ ಬುಸ್ ಎಂದು ಸೀಲ್ ಪ್ರಾಣಿಯೊಂದು ನೀರಿನಿಂದ ತಲೆಯೆತ್ತಿತು. ನೆಟ್ಟ ಮೀಸೆ, ದುಂಡು ಕಣ್ಣು, ಬಾಯಲ್ಲಿ ಹಳಸಿದ ಮೀನಿನ ವಾಸನೆ, ಥೇಟ್ ನಿನ್ನ ದೊಡ್ಡಪ್ಪ. "ಬನ್ನಿ ಯಜಮಾನ್ರೇ, ಚಹಾ ಆಗಿದೆ," ಎಂದಳು ಅನ್ಫೀಸಾ ಅಕ್ಕ. ಎಲ್ಲರೂ ನಕ್ಕೆವು. ನಗುತ್ತಲೇ ಮತ್ತೆ ಜಗ್ಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಜಗ್ಗಿದೆ. ಇಲ್ಲ.

ಸವೇಲಿ ಎದ್ದು ನಿಂತ. ನಾನು ಎಳೆಯತೊಡಗಿದೆ. ಎಲ್ಲೋ ಸಿಕ್ಕಿಕೊಂಡಂತಿದ್ದ ಹಗ್ಗ ಫಕ್ಕನೆ ಸಡಿಲಾಯಿತು, ಹಿಂದೆಯೇ ಅವಳ ಭಾರ ಬಂತು. ಆಗ ಅವಳು ಒಂದು ಸಲ ಜಗ್ಗಿದ್ದು ನನ್ನ ಕೈಗೆ ಸ್ಪಷ್ಟವಾಗಿ ತಾಕಿತು: ಚೆನ್ನಾಗಿದ್ದೇನೆ. ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಕೈ ನನ್ನ ಮಾತು ಕೇಳಲಿಲ್ಲ. ಹೆಚ್ಚು ಆಳವಿರಲಿಲ್ಲ, ಹಾಗೆ ಸರ್ರನೆ ಎಳೆದರೂ ಅವಳಿಗೇನೂ ಆಗಲಿಲ್ಲ, ದೇವರು ದೊಡ್ಡವನು.

ನೀಕಾ ಮೇಲೆ ಬಂದವಳೇ ಮುಖವಾಡ ಕಿತ್ತು ಕಿರುಚಿದಳು. "ಯಾಕ್ರೀ ಎಳೆದ್ರಿ? ಹಗ್ಗ ಬಂಡೆಗೆ ಸಿಕ್ಕಿತ್ತು ಅಷ್ಟೆ, ಬಿಡಿಸ್ತಾ ಇದ್ದೆ! ಹಂಚು ಕೈಜಾರಿ ಚೂರಾಯ್ತು! ನೀವೇನು ಹಗ್ಗ ಹಿಡ್ಕೊಂಡಿದ್ರೋ, ಹಸು ಎಳ್ಕೊಂಡು ಹೋಗ್ತಿದ್ರೋ?"

ನನ್ನ ಮೂರು ವರ್ಷದ ಹಂಚು, ರೋದ್ಯಾ. ನನಗೆ ಒಂದಿಷ್ಟೂ ಬೇಸರವಾಗಲಿಲ್ಲ. "ಬದುಕಿದೀಯಲ್ಲ, ಬಾ, ಬಿಸಿ ಚಹಾ ಕುಡಿ," ಎಂದೆ. ಹೇಳಿದ ಮೇಲೆ ಹೊಳೆಯಿತು, ಅದು ನಿನ್ನ ಮಾತು. ಯಾಕೆ ಎಳೆದೆ ಎಂದು ನಾನು ಪ್ರತಿ ಸಲ ಕಿರುಚಿದಾಗಲೂ ನೀನು ಅಷ್ಟನ್ನೇ ಹೇಳುತ್ತಿದ್ದೆ, ನಾನು ಇನ್ನಷ್ಟು ಉರಿದುಬೀಳುತ್ತಿದ್ದೆ.

ಆದ್ದರಿಂದ ನನ್ನ ಉತ್ತರ ಇದು. ಇನ್ನು ನಾನು ನೀರಿಗಿಳಿಯುವುದಿಲ್ಲ. ನಿನಗೋಸ್ಕರ ಬಿಟ್ಟೆ. ನೀನು ಕೇಳಿದೆ, ನಾನು ಕೊಟ್ಟೆ. ಹಿಮ ಒಡೆಯುವ ಮೊದಲು ಇಲ್ಲಿಂದ ಹೊರಟು ಏಪ್ರಿಲ್ ಮೊದಲ ಭಾನುವಾರದ ರೈಲಿಗೆ ಬರುತ್ತೇನೆ.

ನಿನ್ನ
ಲೂಷಾ

ತಾ.ಕ.: ಲಕೋಟೆ ಅಂಟಿಸಲು ಹೋದಾಗ ಅನ್ಫೀಸಾ ಅಕ್ಕ ಏನು ಬರೆದೆ ಎಂದು ಕೇಳಿದಳು. ಹೇಳಿದೆ. ಸೌಟು ಹಿಡಿದೇ ಬೈದಳು: "ಗಾಳಿಗೆ ಹಾರಿಹೋದ ಹಿಟ್ಟನ್ನ ದೇವರಿಗೆ ಕೊಟ್ಟೆ ಅಂತೀಯಲ್ಲೇ, ನಾಚ್ಕೆ ಆಗಲ್ವಾ ನಿಂಗೆ?"

ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕಿವಿ ಸ್ವಲ್ಪ ನೋಯುತ್ತಿತ್ತು ಎಂದದ್ದು ಸುಳ್ಳು. ಫೆಬ್ರವರಿಯಲ್ಲೇ ನನ್ನ ಬಲಗಿವಿ ಹೋಯಿತು. ಇನ್ನು ಜನ್ಮದಲ್ಲಿ ನೀರಿಗಿಳಿಯಬಾರದು ಎಂದು ಪಟ್ಟಣದ ಡಾಕ್ಟರು ಹೇಳಿಬಿಟ್ಟರು. ನಿನಗೋಸ್ಕರ ನಾನು ಏನನ್ನೂ ಬಿಟ್ಟಿಲ್ಲ, ರೋದ್ಯಾ. ನೀರೇ ನನ್ನನ್ನು ಬಿಟ್ಟಿತು. ಮೂರು ದಿನ ಅತ್ತೆ. ಇನ್ನೊಂದು ಮಾತು: ಹಿಮವನ್ನೂ ನಾನು ಬಿಡಲಾರೆ. ಮುಂದಿನ ಚಳಿಗಾಲ ನೀಕಾಳ ಹಗ್ಗ ಹಿಡಿಯಲು ಒಪ್ಪಿಕೊಂಡಿದ್ದೇನೆ. ಅಂಗೈಯಲ್ಲಿ ಆ ಉತ್ತರ ಬೇಕು ನನಗೆ.

ಇಷ್ಟು ತಿಳಿದ ಮೇಲೂ ಮನಸ್ಸಿದ್ದರೆ ನಿಲ್ದಾಣಕ್ಕೆ ಬಾ. ಬಂದರೆ ನನ್ನ ಎಡಗಡೆ ನಿಂತು ಕರೆ. ಬಲಗಡೆಯಿಂದ ಕರೆದರೆ ನನಗೆ ಕೇಳಿಸುವುದಿಲ್ಲ, ನೀನು ಬರಲೇ ಇಲ್ಲ ಎಂದುಕೊಂಡು ಹೊರಟುಬಿಟ್ಟೇನು.