ಎಡಗಡೆಯ ತೂತುಗಳು

ಮ್ಯೂಸಿಯಂ, ಮೇಲಿನ ಮಹಡಿ
ಸೋಮವಾರ, ಸಂಜೆ

ಪ್ರೊಫೆಸರ್ ಸಾಹೇಬರಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಕಾಣಿಸಿದರೆ ಕಾಣಿಸಲಿ.

ಏನ್ರೀ ಇದು? ನಿಮ್ಮ ಲೇಖನ ಓದಿದಾಗಿನಿಂದ ಮೈ ಉರಿಯುತ್ತಿದೆ. ನಕ್ಷತ್ರಮೀನುಗಳಿಗೆ ಐದು ತೋಳು ಮೂಡುವುದಕ್ಕೂ ಎಷ್ಟೋ ಮುಂಚೆ ಅವುಗಳ ಬಳಗದಲ್ಲಿ ಒಂದು ಸೊಟ್ಟ ಪ್ರಾಣಿ ಇತ್ತು. ಚಪ್ಪಟೆ ಮೈ, ಒಂದೇ ಬಾಲ, ಬಲಗಡೆ ಮಾತ್ರ ಸಾಲು ತೂತುಗಳು. ಆ ಪಳೆಯುಳಿಕೆಯನ್ನು ಕಲ್ಲಿನಿಂದ ಬಿಡಿಸಿ ಹೆಸರಿಟ್ಟವಳು ನಾನು. ಈಗ ನೀವು ಎಡಗಡೆ ತೂತಿರುವ ಇನ್ನೊಂದನ್ನು ಹಿಡಿದು ತಂದಿದ್ದೀರಿ. ಅದಕ್ಕೆ ಬೇರೆ ಹೆಸರು, ಬೇರೆ ಕುಲ! ಎಡದ್ದು ಮೊದಲು ಬಂತು, ಬಲದ್ದು ಅದರಿಂದ ಹುಟ್ಟಿತು ಎಂದು ವಂಶವೃಕ್ಷ ಬೇರೆ. ನನ್ನ ಪ್ರಾಣಿಯನ್ನು ನಿಮ್ಮ ಪ್ರಾಣಿಯ ಮೊಮ್ಮಗ ಮಾಡಿ ಕೂರಿಸಿದ್ದೀರಿ.

ರೀ, ಅವು ಎರಡು ಪ್ರಾಣಿಗಳೇ ಅಲ್ಲ. ನಿಮ್ಮ ಕಲ್ಲಿನಲ್ಲಿರುವುದು ನನ್ನ ಪ್ರಾಣಿಯ ಅಚ್ಚು. ಕಲ್ಲು ಸೀಳಿದಾಗ ಒಂದು ಹೋಳಿನಲ್ಲಿ ಮೈ ಉಳಿಯುತ್ತದೆ, ಇನ್ನೊಂದರಲ್ಲಿ ಅದರ ಗುರುತು. ಗುರುತಿನಲ್ಲಿ ಬಲ ಎಡವಾಗುತ್ತದೆ. ಮೊದಲ ವರ್ಷದವರಿಗೆ ನೀವೇ ಹೇಳಿಕೊಡುವ ಪಾಠ ಇದು!

ಹೇಗಾಯಿತೆಂದು ನನಗೆ ಗೊತ್ತು. ನಾವಿಬ್ಬರೂ ಮನೆ ಬೇರೆ ಮಾಡಿದ ದಿನ, ಕ್ವಾರಿಯಿಂದ ತಂದ ಕಲ್ಲುಗಳಿಗೆ ಸುತ್ತಿದ್ದ ಕಾಗದವನ್ನೂ ಬಿಚ್ಚದೆ ಹಂಚಿಕೊಂಡೆವು. ಕುಕ್ಕರ್ ನನಗೆ, ರೇಡಿಯೋ ನಿಮಗೆ, ಆ ಪೆಟ್ಟಿಗೆ ನನಗೆ, ಈ ಪೆಟ್ಟಿಗೆ ನಿಮಗೆ. ಒಂದೇ ಕಲ್ಲಿನ ಎರಡು ಹೋಳು ಎರಡು ಮನೆ ಸೇರಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಅಷ್ಟಾಗಿದ್ದರೆ ಸುಮ್ಮನಿರುತ್ತಿದ್ದೆ. ಶನಿವಾರ ಫೋನ್ ಮಾಡಿ ನೆಟ್ಟಗೆ ಹೇಳಿದೆನಲ್ಲ, ನೀವೇನಂದಿರಿ? ನಿಂಗೆ ಹೊಟ್ಟೆಕಿಚ್ಚು ಕಣೇ, ಅಂದಿರಿ. ಹೊಟ್ಟೆಕಿಚ್ಚಂತೆ! ಬಾಲದ ತುದಿಯಲ್ಲಿ ಒಂದು ಹಳ್ಳ ಕಂಡು, ಇದುವರೆಗೆ ಯಾರೂ ನೋಡದ ಕೀಲು ಎಂದು ಅರ್ಧ ಪುಟ ಬಣ್ಣಿಸಿದ್ದೀರಿ. ಅದು ಕೀಲಲ್ಲ ಮಹಾನುಭಾವರೇ, ಕ್ವಾರಿಯಲ್ಲಿ ಕಲ್ಲು ಸೀಳುವಾಗ ನನ್ನ ಉಳಿ ಕಚ್ಚಿದ ಜಾಗ. ಅದರ ಇನ್ನರ್ಧ ನನ್ನ ಹೋಳಿನ ಅಂಚಿನಲ್ಲಿದೆ.

ಇದರ ಮೇಲೆ, ನಿಮ್ಮ ವಂಶವೃಕ್ಷವನ್ನು ಇಲ್ಲಿನ ಹೊಸ ಕೋಣೆಯ ಗೋಡೆಗೆ ಬರೆಸುತ್ತಾರಂತೆ. ಪೇಂಟರ್ ಇವತ್ತು ಅಳತೆ ತೆಗೆದುಕೊಂಡು ಹೋದ. ಎಷ್ಟು ಎತ್ತರಕ್ಕೆ ಬರೀಲಿ ಮೇಡಂ ಅಂತ ನನ್ನನ್ನೇ ಕೇಳಿದ! ನಾನು ದಿನಾ ಅದರ ಕೆಳಗೇ ಓಡಾಡಬೇಕು. ಶಾಲೆಯ ಮಕ್ಕಳು ಬಂದು, ಇಲ್ಲದ ಪ್ರಾಣಿಯ ಹೆಸರು ಬಾಯಿಪಾಠ ಮಾಡಿಕೊಂಡು ಹೋಗಬೇಕು. ನಾನಿರುವವರೆಗೆ ಅದು ಆಗುವ ಮಾತಲ್ಲ.

ತಿದ್ದುಪಡಿ ಬರೆದು ಇಟ್ಟಿದ್ದೇನೆ. ಗುರುವಾರದವರೆಗೆ ಪತ್ರಿಕೆಗೆ ಕಳಿಸುವುದಿಲ್ಲ. ಅಷ್ಟರೊಳಗೆ ನಿಮ್ಮ ಹೋಳು ತೆಗೆದುಕೊಂಡು ಬನ್ನಿ. ನನ್ನ ಮೇಜಿನ ಮೇಲೆ ಎರಡನ್ನೂ ಜೋಡಿಸೋಣ. ಕೂಡದೆ ಹೋದರೆ ಆ ಪೇಂಟರ್‌ಗೆ ಏಣಿ ನಾನೇ ಹಿಡಿಯುತ್ತೇನೆ. ಕೂಡಿದರೆ, ತಪ್ಪಾಯಿತು ಎಂದು ನೀವೇ ಬರೆಯಬೇಕು, ನಿಮ್ಮ ಕೈಯಾರೆ.

ಇತಿ,
ಮೊಮ್ಮಗನ ಕಡೆಯವಳು

ತಾ.ಕ.: ನಿಮ್ಮ ಲೇಖನದ ಚಿತ್ರದಲ್ಲಿ ಕಲ್ಲಿನ ಕೆಳಗೆ ಹಾಸಿರುವುದು ನನ್ನ ನೀಲಿ ಶಾಲು. ಆಸಿಡ್ ಬಿದ್ದು ಆದ ತೂತನ್ನು ನಾನು ಗುರುತು ಹಿಡಿಯುವುದಿಲ್ಲ ಅಂದುಕೊಂಡಿರಾ? ಮನೆಯೆಲ್ಲ ಹುಡುಕಿದೆ, ಎಲ್ಲೂ ಸಿಗಲಿಲ್ಲ ಅಂದಿದ್ದಿರಿ. ಸುಳ್ಳುಬುರುಕರು. ಕಲ್ಲನ್ನು ಅದರಲ್ಲೇ ಸುತ್ತಿಕೊಂಡು ಬನ್ನಿ. ವಾಪಸ್ ಕೊಡಬೇಕೋ ಬೇಡವೋ ಆಮೇಲೆ ನೋಡೋಣ.